ಹಿರಿಯರ ಮನಸ್ಸನ್ನೂ ಅಳೆದು ನೋಡಿ
ಮನೆಯ ಹಿರಿಯರ ಬಿ.ಪಿ., ಶುಗರ್ ಅಳೆಸುತ್ತೇವೆ. ಮನಸ್ಸಿನ ವಿಷಯ ಬಂದರೆ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತೇವೆ. ಬೆಳಗಾವಿಯಲ್ಲಾಗಲಿ ಖಾನಾಪುರದಲ್ಲಾಗಲಿ, ಹೆಚ್ಚಿನ ಹಿರಿಯರು ದುಃಖವಾಗಿದೆ ಎನ್ನುವುದಿಲ್ಲ. ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಮೈಕೈ ನೋವು ಎನ್ನುತ್ತಾರೆ.

ಆರೋಗ್ಯಕ್ಕೆ ಅಗತ್ಯವೆಂದು ಯುನಾನಿ ಹೇಳುವ ಆರು ಅಂಶಗಳಲ್ಲಿ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯೂ ಒಂದು. ಇದನ್ನು ಅಳೆಯಲು ಇಂದು ಪ್ರಶ್ನಾವಳಿಗಳಿವೆ. 1988ರಲ್ಲಿ ವಾಟ್ಸನ್, ಕ್ಲಾರ್ಕ್, ಟೆಲೆಗನ್ ಎಂಬ ಮನಃಶಾಸ್ತ್ರಜ್ಞರು ರೂಪಿಸಿದ ‘ಪನಾಸ್’ನಲ್ಲಿ 20 ಪದಗಳಿವೆ. ಉತ್ಸಾಹ, ಆಸಕ್ತಿಯಂಥವು 10. ಭಯ, ಸಂಕಟದಂಥವು 10. ಎರಡರ ಅಂಕಗಳನ್ನೂ ಬೇರೆ ಬೇರೆ ಕೂಡುತ್ತಾರೆ. ಏಕೆಂದರೆ ದುಃಖವಿಲ್ಲದ ಮಾತ್ರಕ್ಕೆ ಸಂತೋಷವಿದೆ ಎಂದಲ್ಲ. ಅಳದೆ, ದೂರದೆ ಮೂಲೆಯಲ್ಲಿ ಕೂರುವ ದಾದಿಯ ಮನಸ್ಸೂ ಬರಿದಾಗಿರಬಹುದು.

ಮನೆಯಲ್ಲಿ ಕೇಳಲು ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳು ಸುಲಭ. ಕಳೆದ ಎರಡು ವಾರಗಳಲ್ಲಿ ಉಲ್ಲಾಸ, ನೆಮ್ಮದಿ, ಚೈತನ್ಯ, ಎದ್ದಾಗಿನ ತಾಜಾತನ, ದಿನಚರಿಯಲ್ಲಿ ಆಸಕ್ತಿ ಎಷ್ಟಿತ್ತು? ಪ್ರತಿಯೊಂದಕ್ಕೂ 0ಯಿಂದ 5 ಅಂಕ. ಒಟ್ಟು 25ರಲ್ಲಿ 13ಕ್ಕಿಂತ ಕಡಿಮೆಯಾದರೆ ವೈದ್ಯರನ್ನು ಕಾಣಿರಿ. ಇದು ರೋಗನಿರ್ಣಯವಲ್ಲ, ಎಚ್ಚರಿಕೆ ಮಾತ್ರ. ಥೈರಾಯ್ಡ್ ತೊಂದರೆ, ಕಿವುಡು, ಕೆಲವು ಔಷಧಿಗಳೂ ಮನಸ್ಸನ್ನು ಕುಗ್ಗಿಸುತ್ತವೆ.

ಉರ್ದು, ಮರಾಠಿ, ಕನ್ನಡ, ಅವರು ಮನೆಯಲ್ಲಾಡುವ ಭಾಷೆಯಲ್ಲೇ ಕೇಳಿ. ಒಬ್ಬರೇ ಇದ್ದಾಗ ಕೇಳಿ; ಮಗ-ಸೊಸೆಯರ ಎದುರು ನಿಜ ಹೇಳಲು ಹಿಂಜರಿಯುತ್ತಾರೆ. ‘ಸಬ್ರ್ ಇಲ್ಲ’ ಎಂದು ಗದರಬೇಡಿ. ‘ಬದುಕೇ ಸಾಕು’ ಎಂದರೆ ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಲಭ್ಯ.