ಸೋತ ಅಂಗಡಿಯ ವಿಡಿಯೊ ಯಾರೂ ಮಾಡುವುದಿಲ್ಲ

ಕೆಲವು ವಾರಗಳ ಹಿಂದೆ ಮಹಿಳಾ ಸಂಘವೊಂದರ ಭೇಟಿಗೆ ಹೋಗಿದ್ದೆ. ಬೆಳಗಿನ ಹಾಲು ಮುಗಿದು ಕ್ಯಾನುಗಳು ಗಾಡಿ ಏರಿದ್ದವು. ಕಾರ್ಯದರ್ಶಿಯವರು ಪುಸ್ತಕ ತೆಗೆಯುವಷ್ಟರಲ್ಲಿ ಒಬ್ಬ ಸದಸ್ಯೆ ಮೊಬೈಲ್ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತರು. ಮೂರು ಸೀಮೆಹಸು ಕಟ್ಟಿದ್ದಾರೆ, ದಿನಕ್ಕೆ ಇಪ್ಪತ್ತೆರಡು ಲೀಟರ್‌ವರೆಗೆ ಹಾಕುತ್ತಾರೆ. ಮಗಳ ಮದುವೆಯ ದಿನವೂ ಹಾಲು ತಪ್ಪಿಸದ ಹೆಂಗಸು ಎಂದು ಸಂಘದಲ್ಲಿ ಹೆಸರು.

“ಮೇಡಂ, ಇದ್ನ ಸ್ವಲ್ಪ ನೋಡಿ” ಎಂದರು. ವಿಡಿಯೊದಲ್ಲಿ ಹೆಣ್ಣುಮಗಳೊಬ್ಬಳು ಕಾರಿನ ಪಕ್ಕ ನಿಂತು, ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ತುಪ್ಪ, ಉಪ್ಪಿನಕಾಯಿ ಮಾರಿ ಆರು ತಿಂಗಳಲ್ಲಿ ಲಕ್ಷಗಟ್ಟಲೆ ದುಡಿದೆ ಎನ್ನುತ್ತಿದ್ದಳು. ಕೊನೆಯಲ್ಲಿ ಒಂದು ಫೋನ್ ನಂಬರ್. ತರಬೇತಿಗೆ 4,999 ರೂಪಾಯಿ.

“ಸ್ತ್ರೀಶಕ್ತಿ ಗುಂಪಿನಿಂದ ಎರಡು ಲಕ್ಷ ಸಾಲ ಸಿಗ್ತದೆ. ಒಂದು ಹಸ ಮಾರಿದ್ರೆ ಇನ್ನೊಂದು ಅರವತ್ತು ಸಾವ್ರ ಆಯ್ತದೆ. ಹಾಕ್ಬುಡ್ಲಾ ಮೇಡಂ?”

ಹಾಕಿ ಎನ್ನಲು ಬಾಯಿ ಬರಲಿಲ್ಲ. ಬೇಡ ಎನ್ನಲೂ ಮನಸ್ಸಾಗಲಿಲ್ಲ, ಏಕೆಂದರೆ ಆನ್‌ಲೈನ್‌ನಲ್ಲಿ ಮಾರಿ ಗೆದ್ದವರು ನಿಜವಾಗಿಯೂ ಇದ್ದಾರೆ, ನಮ್ಮ ಬೆಂಗಳೂರಿನಲ್ಲೇ ಇದ್ದಾರೆ. ಆದರೆ ಅವರು ಗೆದ್ದ ಮೇಲಿನ ಕಥೆಯಷ್ಟೇ ನಮ್ಮ ಮೊಬೈಲ್‌ಗೆ ಬರುತ್ತದೆ. ಅಂದು ಆ ಅಕ್ಕನಿಗೆ ಹೇಳಿದ್ದನ್ನೇ, ಇನ್ನೂ ನಾಲ್ಕು ಮಾತು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಅಂಗಡಿ ಮುಚ್ಚಿತ್ತು

ಮೀಶೋ ಹೆಸರು ನಿಮಗೆಲ್ಲ ಗೊತ್ತು. ನಮ್ಮ ಹಳ್ಳಿಗಳಿಗೂ ಅದರ ಪಾರ್ಸೆಲ್ ಬರುತ್ತದೆ. ಅದನ್ನು ಕಟ್ಟಿದವರು ವಿದಿತ್ ಆತ್ರೇಯ ಮತ್ತು ಸಂಜೀವ್ ಬರ್ನವಾಲ್ ಎಂಬ ಇಬ್ಬರು ಗೆಳೆಯರು. ದೆಹಲಿಯ ಐಐಟಿಯಲ್ಲಿ ಜೊತೆಗೆ ಓದಿದವರು. ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಜಪಾನಿನ ಸೋನಿ ಕಂಪನಿಯಲ್ಲಿ ಕೆಲಸದಲ್ಲಿದ್ದರು. ಎರಡೂ ಒಳ್ಳೆಯ ಸಂಬಳದ ಕೆಲಸ. ಅದನ್ನು ಬಿಟ್ಟು 2015ರಲ್ಲಿ ಬೆಂಗಳೂರಿನಲ್ಲಿ ಅವರು ಶುರು ಮಾಡಿದ್ದು ಮೀಶೋ ಅಲ್ಲ, ಫ್ಯಾಷ್‌ನಿಯರ್ ಎಂಬ ಬೇರೆಯೇ ಆ್ಯಪ್.

ಆ ಆ್ಯಪ್‌ನ ಯೋಚನೆ ಕೇಳಲು ಚೆನ್ನಾಗಿಯೇ ಇತ್ತು. ಬಡಾವಣೆಯ ಬಟ್ಟೆ ಅಂಗಡಿಗಳನ್ನೆಲ್ಲ ಮೊಬೈಲ್‌ಗೆ ತಂದು, ಹೋಟೆಲ್ ಊಟ ಮನೆಗೆ ಬರುವ ಹಾಗೆ ಬಟ್ಟೆಯನ್ನೂ ಹತ್ತಿರದ ಅಂಗಡಿಯಿಂದ ಮನೆಗೆ ತಲುಪಿಸುವುದು. ಆದರೆ ಕೆಲವೇ ತಿಂಗಳಲ್ಲಿ ಅದು ನಿಂತುಹೋಯಿತು. ಊಟ ಹತ್ತಿರದಿಂದ ಬಿಸಿಬಿಸಿ ಬರಬೇಕು, ಸೀರೆ ಹಾಗಲ್ಲ. ಸೀರೆ ಕೊಳ್ಳುವವರಿಗೆ ನೂರು ಬಗೆ ನೋಡಬೇಕು, ಅಂಗಡಿ ಪಕ್ಕದ ಬೀದಿಯಲ್ಲಿದ್ದರೇನು ಸೂರತ್ತಿನಲ್ಲಿದ್ದರೇನು? ನಮ್ಮ ಯಾವ ಹೆಂಗಸನ್ನು ಕೇಳಿದ್ದರೂ ಮೊದಲೇ ಹೇಳುತ್ತಿದ್ದಳು ಎಂದು ನನಗೆ ನಗು ಬರುತ್ತದೆ. ಅಷ್ಟು ಓದಿದವರಿಗೂ ಅದು ಅಂಗಡಿ ಅಂಗಡಿ ಸುತ್ತಿ, ಸೋತ ಮೇಲೆಯೇ ತಿಳಿದದ್ದು.

ಹಾಗೆ ಸುತ್ತುವಾಗಲೇ ಅವರ ಕಣ್ಣಿಗೆ ಇನ್ನೊಂದು ವಿಷಯ ಬಿತ್ತು. ಸಣ್ಣ ವ್ಯಾಪಾರಿಗಳು ಆ್ಯಪ್‌ನ ಗೊಡವೆಗೆ ಹೋಗದೆ, ವಾಟ್ಸ್‌ಆ್ಯಪ್‌ನಲ್ಲಿ ಪರಿಚಯದವರಿಗೆ ಫೋಟೊ ಕಳಿಸಿ ಮಾರುತ್ತಿದ್ದರು. ಅವರಲ್ಲಿ ಅಂಗಡಿಯೇ ಇಲ್ಲದೆ ಮನೆಯಿಂದ ಮಾರುವ ಗೃಹಿಣಿಯರೂ ಇದ್ದರು. ಅವರಿಗೆಂದೇ ಮಾಡಿದ್ದು ಮೀಶೋ. ‘ಮೇರಿ ಶಾಪ್’, ಅಂದರೆ ನನ್ನ ಅಂಗಡಿ ಎಂಬುದರ ಚಿಕ್ಕ ರೂಪ ಆ ಹೆಸರು. ಆ್ಯಪ್‌ನಲ್ಲಿರುವ ಸೀರೆಯ ಫೋಟೊವನ್ನು ಗುಂಪಿಗೆ ಹಾಕಿ, ಬೆಲೆಯ ಮೇಲೆ ತನ್ನ ಪಾಲು ಐವತ್ತೋ ನೂರೋ ಸೇರಿಸಿ ಮಾರುವುದು. ಪಾರ್ಸೆಲ್ ಕಳಿಸುವ ತಲೆನೋವು ಕಂಪನಿಯದು. ಲಕ್ಷಾಂತರ ಹೆಂಗಸರು ಹೀಗೆ ಸೇರಿಕೊಂಡರು, 2019ರಲ್ಲಿ ಫೇಸ್‌ಬುಕ್ ಕಂಪನಿಯೂ ಅದರಲ್ಲಿ ಹಣ ಹಾಕಿತು. ಪತ್ರಿಕೆಗಳಲ್ಲಿ ಬರುವ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ.

ಮುಂದೆ ಆದದ್ದನ್ನೂ ಹೇಳಬೇಕು. ದಿನ ಕಳೆದಂತೆ ಸೀರೆ ಕೊಳ್ಳುವವರ ಮೊಬೈಲ್‌ಗೇ ಆ ಆ್ಯಪ್ ಬಂದಿತು. ಗಿರಾಕಿ ನೇರವಾಗಿ ಕೊಳ್ಳತೊಡಗಿದ ಮೇಲೆ ನಡುವೆ ನಿಂತು ಮಾರುತ್ತಿದ್ದ ಹೆಂಗಸಿನ ಜಾಗ ಕಿರಿದಾಯಿತು. ಕಂಪನಿ ಬೆಳೆಯಿತು, ಆದರೆ ಅದನ್ನು ಮೊದಮೊದಲು ಮನೆಮನೆಗೆ ಮುಟ್ಟಿಸಿದವರ ಕಥೆಯನ್ನು ಯಾರೂ ಬರೆಯಲಿಲ್ಲ. ಅದೇ ಕಂಪನಿ ದಿನಸಿ ಪದಾರ್ಥಗಳ ವ್ಯಾಪಾರಕ್ಕೂ ಕೈಹಾಕಿ, ನಮ್ಮ ರಾಜ್ಯವೂ ಸೇರಿ ಆರು ರಾಜ್ಯಗಳಲ್ಲಿ ನಡೆಸಿ ನೋಡಿತು. 2022ರಲ್ಲಿ ಮೈಸೂರು, ನಾಗಪುರ ಬಿಟ್ಟು ಉಳಿದೆಡೆ ಮುಚ್ಚಿತು. ಸುಮಾರು 300 ಜನರ ಕೆಲಸ ಹೋಯಿತು. ತಿನ್ನುವ ಪದಾರ್ಥದಲ್ಲಿ ಲಾಭದ ಅಂಚು ಎಷ್ಟು ತೆಳುವೆಂದು ಹಾಲು ಹಾಕುವ ನಿಮಗೆ ನಾನು ಹೇಳಬೇಕಾಗಿಲ್ಲ.

ತಾಯಿಗೆ ನಾಚಿಕೆಯಾದ ವ್ಯಾಪಾರ

ರಿಚಾ ಕರ್ ಎಂಬ ಹೆಣ್ಣುಮಗಳು 2011ರಲ್ಲಿ ಬೆಂಗಳೂರಿನಲ್ಲಿ ಜಿವಾಮೆ ಎಂಬ ಆನ್‌ಲೈನ್ ಅಂಗಡಿ ತೆರೆದರು. ಮಾರಿದ್ದು ಹೆಂಗಸರ ಒಳಉಡುಪು. ಗಂಡಸರು ನಿಂತ ಅಂಗಡಿಯಲ್ಲಿ ಅಳತೆ ಹೇಳಿ ಬ್ರಾ ಕೇಳುವ ಮುಜುಗರ ನಮಗೆಲ್ಲ ಗೊತ್ತಿರುವುದೇ. ಸಂತೆಯಲ್ಲಿ ಕಾಗದದಲ್ಲಿ ಸುತ್ತಿಸಿಕೊಂಡು, ಸೊಪ್ಪಿನ ಕೆಳಗೆ ಬಚ್ಚಿಟ್ಟುಕೊಂಡು ಬಂದವರು ನಾವು. ಆ ಮುಜುಗರ ತಪ್ಪಿಸುವ ವ್ಯಾಪಾರ ಎಂದರೆ ಎಲ್ಲರೂ ಭೇಷ್ ಎನ್ನಬೇಕಿತ್ತು. ಆದದ್ದು ಬೇರೆ. ಮಗಳು ಕಂಪ್ಯೂಟರ್‌ನಲ್ಲಿ ಇಂಥದ್ದು ಮಾರುತ್ತಾಳೆಂದು ಗೆಳತಿಯರಿಗೆ ಹೇಗೆ ಹೇಳಲಿ ಎಂದು ಅವರ ತಾಯಿಯೇ ಮೊದಲು ಸಂಕಟಪಟ್ಟರಂತೆ. ಕಚೇರಿಗೆ ಜಾಗ ಹುಡುಕುವಾಗ ಮಾಲೀಕರಿಗೆ ಆನ್‌ಲೈನ್‌ನಲ್ಲಿ ಬಟ್ಟೆ ಮಾರುತ್ತೇವೆ ಎಂದಷ್ಟೇ ಹೇಳಿ ಸುಮ್ಮನಾಗಬೇಕಾಯಿತು. ಬಂಡವಾಳಕ್ಕೆ ಕೂಡಿಟ್ಟ ಹಣದ ಜೊತೆಗೆ ನೆಂಟರು, ಸ್ನೇಹಿತರಿಂದ ತಂದ ಹಣ.

ವ್ಯಾಪಾರ ನಿಂತಿತು, ದೊಡ್ಡದೂ ಆಯಿತು, ಕೋಟಿಗಟ್ಟಲೆ ಬಂಡವಾಳ ಬಂತು. ಆದರೆ ಹೀಗೆ ಹಣ ಹಾಕುವವರು ಬರಿದೇ ಹಾಕುವುದಿಲ್ಲ, ಕಂಪನಿಯಲ್ಲಿ ಪಾಲು ಬರೆಸಿಕೊಳ್ಳುತ್ತಾರೆ. ಕಟ್ಟಿದವರ ಪಾಲು ಪ್ರತಿ ಸಲವೂ ಕರಗುತ್ತದೆ. 2017ರಲ್ಲಿ ರಿಚಾ ಕರ್ ಮುಖ್ಯಸ್ಥೆಯ ಕುರ್ಚಿ ಬಿಟ್ಟರು. 2020ರಲ್ಲಿ ಜಿವಾಮೆ ರಿಲಯನ್ಸ್ ಕೈಗೆ ಹೋಯಿತು.

ಫ್ಲಿಪ್‌ಕಾರ್ಟ್‌ನದೂ ಹೆಚ್ಚುಕಡಿಮೆ ಇದೇ ದಾರಿ. ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ 2007ರಲ್ಲಿ ಕೋರಮಂಗಲದ ಮನೆಯೊಂದರಲ್ಲಿ ಪುಸ್ತಕ ಮಾರಲು ಕೂತರು. ಮೊದಲ ಆರ್ಡರ್ ಬಂದಾಗ ಆ ಪುಸ್ತಕ ಅವರ ಬಳಿ ಇರಲಿಲ್ಲ, ಬೆಂಗಳೂರಿನ ಅಂಗಡಿಗಳನ್ನು ಅಲೆದು ಹುಡುಕಿ ಕಳಿಸಿದರು. ಏಳು ವರ್ಷ ಕಳೆದ ಮೇಲೂ, 2014ರ ಅಕ್ಟೋಬರ್ 6ರ ದೊಡ್ಡ ರಿಯಾಯಿತಿ ಮಾರಾಟದ ದಿನ ಜನ ಮುಗಿಬಿದ್ದು ವ್ಯವಸ್ಥೆಯೇ ಕುಸಿಯಿತು. ಮರುದಿನ ಇಬ್ಬರೂ ಗಿರಾಕಿಗಳ ಕ್ಷಮೆ ಕೇಳಿದರು. 2018ರಲ್ಲಿ ಕಂಪನಿಯನ್ನು ಅಮೆರಿಕದ ವಾಲ್‌ಮಾರ್ಟ್ ಕೊಂಡಿತು. ಆ ವರ್ಷ ಮುಗಿಯುವಷ್ಟರಲ್ಲಿ ಇಬ್ಬರೂ ಅಲ್ಲಿನ ಅಧಿಕಾರದಲ್ಲಿರಲಿಲ್ಲ. ಬರಿಗೈಯಲ್ಲಿ ಹೋಗಲಿಲ್ಲ, ಅದು ಬೇರೆ ಮಾತು.

ಅವರಿಗೂ ನಮಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ. ಅವರ ಸೋಲು ಸುಳ್ಳಲ್ಲ, ಪಟ್ಟ ಅವಮಾನವೂ ಸುಳ್ಳಲ್ಲ. ಆದರೆ ಫ್ಯಾಷ್‌ನಿಯರ್ ಮುಳುಗಿದ ದಿನ ಆ ಇಬ್ಬರಿಗೆ ಹಳೆಯ ಸಂಬಳದ ಕೆಲಸಕ್ಕೆ ಮರಳುವ ದಾರಿ ತೆರೆದೇ ಇತ್ತು. ನಮ್ಮಲ್ಲಿ ಒಬ್ಬ ಹೆಂಗಸು ಹಸು ಮಾರಿ ಸೋತರೆ ಮರುದಿನ ಬೆಳಗ್ಗೆ ಕೊಟ್ಟಿಗೆಯಲ್ಲಿ ಹಸು ಇರುವುದಿಲ್ಲ, ಗುಂಪಿನ ಕಂತು ಮಾತ್ರ ಇರುತ್ತದೆ. ‘ಧೈರ್ಯ ಮಾಡಿ, ಸೋಲಿಗೆ ಹೆದರಬೇಡಿ’ ಎಂದು ವಿಡಿಯೊದಲ್ಲಿ ಹೇಳುವವರಿಗೆ ಈ ಲೆಕ್ಕ ಗೊತ್ತಿಲ್ಲವೋ, ಗೊತ್ತಿದ್ದೂ ಹೇಳುವುದಿಲ್ಲವೋ. ಅಂದ ಹಾಗೆ ಆ ಕಾರಿನ ಪಕ್ಕ ನಿಂತವಳ ದುಡಿಮೆ ತುಪ್ಪದಿಂದ ಬಂದದ್ದೋ, ನೂರಾರು ಜನ ಕಟ್ಟಿದ 4,999 ರೂಪಾಯಿಯಿಂದ ಬಂದದ್ದೋ ಎಂದು ಕೇಳಿದಾಗ ನಮ್ಮ ಅಕ್ಕ ಮೊಬೈಲನ್ನು ಮಗುಚಿಟ್ಟರು.

ನನ್ನ ಮೂವತ್ತೆರಡು ಸಾವಿರ

ಇಷ್ಟೆಲ್ಲ ಹೇಳುವ ನಾನೂ ಕೈಸುಟ್ಟುಕೊಂಡವಳೇ. ಕೊರೊನಾ ಕಾಲದಲ್ಲಿ ಓದು ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದೆ. ಅಮ್ಮ, ಅತ್ತಿಗೆ, ನಾನು ಸೇರಿ ತುಪ್ಪ ಮಾರುವುದೆಂದು ನಿಶ್ಚಯಿಸಿದೆವು. ಫೇಸ್‌ಬುಕ್‌ನಲ್ಲಿ ಪುಟ ತೆರೆದು, ಕಡಗೋಲಿನಲ್ಲಿ ಅಮ್ಮ ಮಜ್ಜಿಗೆ ಕಡೆಯುವ ಫೋಟೊ ಹಾಕಿದೆ. ಮೊದಲ ವಾರವೇ ಹದಿನೆಂಟು ಆರ್ಡರ್! ಆಮೇಲೆ ನೋಡಿದರೆ ಹದಿನಾಲ್ಕು ನೆಂಟರವು.

ಮನೆಯ ಎರಡು ಹಸುಗಳ ಹಾಲು, ದಿನಕ್ಕೆ ಇಪ್ಪತ್ತು ಲೀಟರ್, ನಾಲ್ಕು ತಿಂಗಳು ಡೇರಿಗೆ ಹೋಗಲಿಲ್ಲ. ಬೇಸಿಗೆಯಲ್ಲಿ ತುಪ್ಪ ಕರಗಿ ಡಬ್ಬಿಯ ಬಾಯಲ್ಲಿ ಸೋರಿತು. ಗಾಜಿನ ಬಾಟಲಿಗೆ ಬದಲಾಯಿಸಿದೆವು, ಪಾರ್ಸೆಲ್‌ನಲ್ಲಿ ಒಂಬತ್ತು ಒಡೆದವು, ಒಂಬತ್ತನ್ನೂ ಮತ್ತೆ ಕಳಿಸಬೇಕಾಯಿತು. ಹರಳುಗಟ್ಟಿದ ಒಳ್ಳೆಯ ತುಪ್ಪ ನೋಡಿ ಒಬ್ಬರು ವನಸ್ಪತಿ ಬೆರೆಸಿದ್ದಾರೆ ಎಂದು ಎಲ್ಲರಿಗೂ ಕಾಣುವ ಹಾಗೆ ಬರೆದರು. ಅಂದು ರಾತ್ರಿ ಅಮ್ಮ ಊಟ ಮಾಡಲಿಲ್ಲ. ತಿನ್ನುವ ಪದಾರ್ಥ ಮಾರಲು ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೆಂದು ನನಗೆ ಗೊತ್ತಾದದ್ದೇ ಮೂರನೆಯ ತಿಂಗಳಲ್ಲಿ, ಗಿರಾಕಿಯೊಬ್ಬರು ನಂಬರ್ ಕೇಳಿದಾಗ.

ಡೇರಿಯ ಬಟವಾಡೆ ನಿಂತಿದ್ದರಿಂದ ಹಿಂಡಿ, ಬೂಸಾಕ್ಕೆ ದುಡ್ಡಿರಲಿಲ್ಲ. ಅತ್ತಿಗೆಯ ಸರ ಗಿರವಿ ಅಂಗಡಿಗೆ ಹೋಯಿತು. ಆಗ ಅಣ್ಣ ಒಂದು ಸಂಜೆ ಕೂತು, ನಾವು ಯಾರೂ ಹಾಕದ ಲೆಕ್ಕ ಹಾಕಿದ.

ಮನೆಯಲ್ಲಿ ಹೆಪ್ಪು ಹಾಕಿ ಕಡೆದರೆ ನಮ್ಮ ಸೀಮೆಹಸುವಿನ ಹಾಲಿನಲ್ಲಿ ಒಂದು ಕೆಜಿ ತುಪ್ಪಕ್ಕೆ ಮೂವತ್ತು ಲೀಟರ್ ಹಾಲು ಹಿಡಿಯುತ್ತಿತ್ತು. ಅದೇ ಹಾಲನ್ನು ಡೇರಿಗೆ ಹಾಕಿದ್ದರೆ ಆಗ ಲೀಟರಿಗೆ 25 ರೂಪಾಯಿ, ಮೇಲೆ ಸರ್ಕಾರದ ಪ್ರೋತ್ಸಾಹಧನ 5 ರೂಪಾಯಿ, ಒಟ್ಟು 900. ಬಾಟಲಿ, ಪ್ಯಾಕಿಂಗ್, ಕೊರಿಯರ್ 140. ಅಲ್ಲಿಗೆ 1,040 ಆಯಿತು. ನಾವು ಮಾರಿದ್ದು 800ಕ್ಕೆ. ಕೆಜಿಗೆ 240 ನಷ್ಟ! ಎಪ್ಪತ್ತು ಕೆಜಿ ಮಾರಿದ್ದೆವು. ಒಡೆದ ಬಾಟಲಿಗಳು, ಫೇಸ್‌ಬುಕ್ ಜಾಹೀರಾತಿನ ಆರು ಸಾವಿರ ಎಲ್ಲ ಸೇರಿ 32 ಸಾವಿರ ಚಿಲ್ಲರೆ. ಸೌದೆ ಮತ್ತು ಮೂವರ ದುಡಿಮೆ ಲೆಕ್ಕಕ್ಕೇ ಇಲ್ಲ. ‘ಹಾಲು ನಮ್ಮದೇ ತಾನೇ’ ಎಂದು ಅದಕ್ಕೆ ಬೆಲೆಯನ್ನೇ ಹಿಡಿದಿರಲಿಲ್ಲ, ಆದ್ದರಿಂದ ಬಂದ ಎಂಟುನೂರೂ ಲಾಭದಂತೆ ಕಂಡಿತ್ತು. ಆ ವರ್ಷ ಹಾಲು ಕಡಿಮೆ ಹಾಕಿದ್ದಕ್ಕೆ ಅಮ್ಮನಿಗೆ ಸಂಘದ ಬೋನಸ್ಸೂ ಕಡಿಮೆ ಬಂತು.

ಒಕ್ಕೂಟಕ್ಕೆ ಕಡಿಮೆ ದರದಲ್ಲಿ ತುಪ್ಪ ಕೊಡಲು ಹೇಗೆ ಸಾಧ್ಯ ಎಂದು ಆಗ ಸಿಟ್ಟಿನಿಂದ ಕೇಳಿದ್ದೆ. ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ಉತ್ತರ ಸಿಕ್ಕಿತು. ಡೇರಿಯಲ್ಲಿ ಕೊಬ್ಬು ತೆಗೆದ ಮೇಲೆ ಉಳಿಯುವ ಹಾಲು ವ್ಯರ್ಥವಾಗುವುದಿಲ್ಲ. ಟೋನ್ಡ್ ಹಾಲು, ಮೊಸರು, ಹಾಲಿನ ಪುಡಿಯಾಗಿ ಅದಕ್ಕೂ ಬೆಲೆ ಬರುತ್ತದೆ. ನಮ್ಮ ಮನೆಯಲ್ಲಿ ಅಷ್ಟೂ ಮಜ್ಜಿಗೆ ಅಕ್ಕಪಕ್ಕದವರಿಗೆ ಮತ್ತು ಕರುಗಳಿಗೆ ಹೋಗಿತ್ತು.

ಆ ಸೋಲಿನಿಂದ ಬುದ್ಧಿ ಬಂತು ಎಂದು ಹೇಳಿ ಮುಗಿಸಬಹುದು. ಆದರೆ ಅತ್ತಿಗೆಯ ಸರ ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ಅಷ್ಟು ದಿನವೂ ಅವರು ಮದುವೆ ಮನೆಗಳಿಗೆ ಕರಿಮಣಿಯಲ್ಲೇ ಬಂದರು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಇದನ್ನೆಲ್ಲ ಕೇಳಿದ ಆ ಅಕ್ಕ, “ಹಂಗಾದ್ರೆ ಸುಮ್ನೆ ಕೂತ್ಕೊಳ್ಳೋದಾ?” ಎಂದರು. ಬೇಡ ಅಕ್ಕಾ ಎಂದೆ. ಸಾಲ ತೆಗೆಯದೆ, ಹಸು ಮಾರದೆ, ಒಂದೇ ಒಂದು ಕೆಜಿ ಮಾಡಿ. ಹಾಲಿಗೆ ಡೇರಿ ದರ ಹಿಡಿದು, ನಿಮ್ಮ ಕೂಲಿ ಬರೆದು ಬೆಲೆ ಕಟ್ಟಿ. ನೆಂಟರಿಗಲ್ಲದೆ ಪರಿಚಯವಿಲ್ಲದ ಹತ್ತು ಜನಕ್ಕೆ ಕೊಟ್ಟು ನೋಡಿ ಎಂದೆ. ಪಾಸ್ ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಇಬ್ಬರೂ ಕೂತು ಬರೆದೆವು. ಪ್ರೋತ್ಸಾಹಧನ ಸೇರಿ ಲೀಟರಿಗೆ ನಲವತ್ತು ರೂಪಾಯಿಯಂತೆ ಮೂವತ್ತು ಲೀಟರಿಗೆ 1,200. ಡಬ್ಬಿ, ಸೌದೆ, ಕೂಲಿ ಸೇರಿದರೆ 1,400ಕ್ಕೆ ಕಡಿಮೆ ಮಾರುವಂತಿಲ್ಲ.

ಮೊನ್ನೆ ಅವರ ಫೋನ್ ಬಂದಿತ್ತು. ತಾಲ್ಲೂಕಿನ ಶಾಲೆಯೊಂದರಲ್ಲಿ ಕಾಲು ಕೆಜಿಯ ನಾಲ್ಕು ಡಬ್ಬಿ ಹಿಡಿದು ಹೋಗಿದ್ದರಂತೆ. ಐದಾರು ಜನ ದರ ಕೇಳಿ ತಿರುಗಿದರು, ಒಬ್ಬ ಟೀಚರ್ ಮಾತ್ರ ಒಂದು ಡಬ್ಬಿ ಕೊಂಡರು. ಉಳಿದ ಮೂರು ಮನೆಯಲ್ಲಿವೆ, ಹಬ್ಬದ ಒಬ್ಬಟ್ಟಿಗೆ ಆಗುತ್ತವೆ ಎಂದು ನಕ್ಕರು. ಆ ಟೀಚರ್ ತುಪ್ಪದ ಜೊತೆ ಪೇಡಾ ಮಾಡಿಕೊಡುತ್ತೀರಾ ಎಂದೂ ಕೇಳಿದ್ದಾರಂತೆ.

“ಪೇಡಾ ಒಂದು ಕೆಜಿಗೆ ಎಷ್ಟು ಲೀಟರ್ ಹಾಲು ಹಿಡಿತದೆ ಮೇಡಂ? ಬರ್ದು ಕಳ್ಸಿ. ಪಾಸ್ ಪುಸ್ತಕದಲ್ಲಿ ಇನ್ನೂ ಒಂದು ಹಾಳೆ ಖಾಲಿ ಅದೆ.”