ಟೋಕಿಯೊದ ಕಾರ್ಟ್, ಉದಗೀರದ ಆಟೋ

ಟೋಕಿಯೊ ನಗರದ ಶಿಬುಯಾ, ಅಕಿಹಬಾರಾ ಬೀದಿಗಳಲ್ಲಿ ಕೆಲವು ವರ್ಷಗಳಿಂದ ಒಂದು ವಿಚಿತ್ರ ಮೆರವಣಿಗೆ ಕಾಣಸಿಗುತ್ತದೆ. ನೆಲಕ್ಕೆ ತಾಗಿದಂತೆ ಓಡುವ ಪುಟ್ಟ ಗೋ-ಕಾರ್ಟ್‌ಗಳು ಒಂದರ ಹಿಂದೊಂದು ಸಾಗುತ್ತವೆ. ಓಡಿಸುವವರು ಕಾರ್ಟೂನ್ ಪಾತ್ರಗಳ ವೇಷ ತೊಟ್ಟ ವಿದೇಶಿ ಪ್ರವಾಸಿಗರು. ಸಾಲಿನ ಮುಂದೆ ದಾರಿ ತೋರಿಸಲು ಕಂಪನಿಯ ಆಳು. ಮೇಲೆ ಸೂರಿಲ್ಲ, ಪಕ್ಕದಲ್ಲಿ ಬಾಗಿಲಿಲ್ಲ, ಕೂತವರ ಕಣ್ಣು ಪಕ್ಕದ ಲಾರಿಯ ಟೈರಿನ ಮಟ್ಟಕ್ಕಿರುತ್ತದೆ. ಉದಾಹರಣೆಗೆ, ಜರ್ಮನಿಯಿಂದ ಹೋದವರಿಗೆ ಇದರ ಜೊತೆ ಬೇರೆ ತೊಡಕುಗಳೂ ಇವೆ. ಊರಲ್ಲಿ ರಸ್ತೆಯ ಬಲಗಡೆ ಓಡಿಸಿ ರೂಢಿಯಾದವರು ಇಲ್ಲಿ ಎಡಗಡೆ ಸಾಗಬೇಕು. ಜಪಾನ್ 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಅಂತರರಾಷ್ಟ್ರೀಯ ಪರವಾನಗಿಯನ್ನು ಮಾತ್ರ ಮಾನ್ಯ ಮಾಡುವುದರಿಂದ, ಜರ್ಮನ್ ಲೈಸೆನ್ಸಿಗೆ ಅಧಿಕೃತ ಜಪಾನಿ ಅನುವಾದ ಮಾಡಿಸಿ ಜೇಬಿನಲ್ಲಿಟ್ಟುಕೊಂಡಿರಬೇಕು. (ಆ ಒಪ್ಪಂದಕ್ಕೆ ಸೇರಿದ ನಮ್ಮ ದೇಶದವರಿಗೆ ಈ ರಗಳೆ ಇಲ್ಲ.) ಹೀಗಿದ್ದೂ ಜನ ಮುಗಿಬೀಳುತ್ತಾರೆ. ವಿಡಿಯೊ ಗೇಮಿನ ಮಾರಿಯೊ ಪಾತ್ರದ ವೇಷ ಬಾಡಿಗೆಗೆ ಕೊಟ್ಟ ಕಂಪನಿಯ ಮೇಲೆ, ಆ ಗೇಮ್ ತಯಾರಿಸುವ ನಿಂಟೆಂಡೊ 2017ರಲ್ಲಿ ಮೊಕದ್ದಮೆ ಹೂಡಿತು. 2020ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ 5 ಕೋಟಿ ಯೆನ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಅದರಿಂದ ವೇಷ ಬದಲಾಯಿತೇ ಹೊರತು ಸವಾರಿ ನಿಲ್ಲಲಿಲ್ಲ. ಊರನ್ನು ನೋಡುವುದಕ್ಕಿಂತ ಊರಿನವರ ಕಣ್ಣಿಗೆ ಬೀಳುವುದೇ ಇದರ ಮುಖ್ಯ ಸುಖ ಎಂದು ನನಗನ್ನಿಸುತ್ತದೆ. ಆದರೂ ಆ ವ್ಯಾಪಾರ ಹೂಡಿದವರು ಒಂದು ವಿಷಯವನ್ನು ಸರಿಯಾಗಿ ಹಿಡಿದಿದ್ದಾರೆ. ಗಾಜು ಏರಿಸಿದ ದೊಡ್ಡ ಬಸ್ಸಿನೊಳಗೆ ಕೂತವನಿಗೆ ಬೀದಿ ದಕ್ಕುವುದಿಲ್ಲ. ಗಾಡಿ ಸಣ್ಣದಿರಬೇಕು, ತೆರೆದಿರಬೇಕು, ನಿಧಾನವಿರಬೇಕು.

ಈ ಮಾತನ್ನು ನಮ್ಮ ಮಗ್ಗುಲಲ್ಲೇ ಇರುವ ಮೂರು ಊರುಗಳಿಗೆ ಹಚ್ಚಿ ನೋಡಬಹುದು. ಉಮರ್ಗಾ, ನಿಲಂಗಾ, ಉದಗೀರ ಇಂದು ಮಹಾರಾಷ್ಟ್ರದ ಮರಾಠವಾಡಕ್ಕೆ ಸೇರಿವೆ. ಮೊದಲನೆಯದು ಧಾರಾಶಿವ ಜಿಲ್ಲೆಯಲ್ಲಿ, ಉಳಿದೆರಡು ಲಾತೂರಿನಲ್ಲಿ. ಆದರೆ ನಿಲಂಗಾ ಮತ್ತು ಉದಗೀರ ನಿಜಾಮರ ಕಾಲದಲ್ಲಿ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಹಮದಪುರದ ಜೊತೆಗೆ ಇವೆರಡೂ ಮುಂಬಯಿ ರಾಜ್ಯಕ್ಕೆ ಹೋಗಿ ಉಸ್ಮಾನಾಬಾದ್ (ಇಂದಿನ ಧಾರಾಶಿವ) ಜಿಲ್ಲೆಗೆ ಸೇರಿದವು; 1982ರಲ್ಲಿ ಲಾತೂರು ಜಿಲ್ಲೆಯಾದಾಗ ಅದರ ಪಾಲಾದವು. ಅಲ್ಲಿಂದ ಮುಂದೆ ಬೀದರ, ಕಲಬುರಗಿ ಕಡೆಯ ಓದುಗನಿಗೆ ಉಮರ್ಗಾ ಎಂದರೆ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ಚಹಾಕ್ಕೆ ಇಳಿಯುವ ಜಾಗ, ಉದಗೀರ ಎಂದರೆ ಭಾಲ್ಕಿ, ಕಮಲನಗರ ದಾಟಿದ ಮೇಲೆ ಬರುವ ರೈಲು ನಿಲ್ದಾಣ. ನಿಲಂಗಾ ಅಷ್ಟಕ್ಕೂ ಇಲ್ಲ. ನೋಡುವುದಕ್ಕೆ ಏನೂ ಇಲ್ಲವೆಂದು ಹೀಗಾದದ್ದಲ್ಲ. ನೋಡಬೇಕಾದದ್ದು ಹೆದ್ದಾರಿಯ ಅಂಚಿನಲ್ಲಿ ಫಲಕ ಹಾಕಿಕೊಂಡು ನಿಂತಿಲ್ಲ; ಪೇಟೆಯ ಒಳಗೆ, ಮನೆಗಳ ನಡುವೆ, ಕಾರು ತಿರುಗಿಸಲು ಬೆವರಿಳಿಯುವ ಓಣಿಗಳ ಕೊನೆಯಲ್ಲಿ ಇದೆ. ಹಾಗಾಗಿ ಈ ಊರುಗಳನ್ನು ನೋಡಲು ಅಲ್ಲಿನ ಬಸ್ ಸ್ಟ್ಯಾಂಡಿನ ಎದುರು ನಿಂತಿರುವ ಆಟೋವೇ ತಕ್ಕ ಗಾಡಿ ಎಂಬುದು ನನ್ನ ವಾದ. ಟೋಕಿಯೊದವರು ಹಣ ಸುರಿದು ತಯಾರಿಸಿದ ಸಣ್ಣ, ತೆರೆದ, ನಿಧಾನದ ಗಾಡಿ ನಮ್ಮಲ್ಲಿ ದಶಕಗಳಿಂದ ಮೀಟರಿಲ್ಲದೆ ಓಡುತ್ತಿದೆ.

ನಿಲಂಗಾದ ನೀಲಕಂಠೇಶ್ವರ ಗುಡಿಯನ್ನೇ ತೆಗೆದುಕೊಳ್ಳಿ. ಕಲ್ಯಾಣ ಚಾಲುಕ್ಯರ ಕಾಲದ ಕಟ್ಟಡ ಶೈಲಿ, ನಕ್ಷತ್ರಾಕಾರದ ತಳವಿನ್ಯಾಸ, ಒಂದೇ ಮಂಟಪಕ್ಕೆ ಮೂರು ಗರ್ಭಗುಡಿಗಳು: ಒಂದರಲ್ಲಿ ಲಿಂಗ, ಒಂದರಲ್ಲಿ ವಿಷ್ಣು, ಇನ್ನೊಂದರಲ್ಲಿ ಹರ-ಗೌರಿ. ಹೊರಗೋಡೆ ಕೋನಕೋನವಾಗಿ ಮಡಿಚಿಕೊಂಡು ಸಾಗುವುದರಿಂದ ಎರಡು ಹೆಜ್ಜೆ ಹಾಕಿದರೆ ಬೇರೆ ಮುಖ, ಬೇರೆ ನೆರಳು. ಆ ಮಡಿಕೆಗಳಲ್ಲಿ ನಿಂತ ಕಪ್ಪುಕಲ್ಲಿನ ಸುರಸುಂದರಿಯರನ್ನು ಕಂಡವರಿಗೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ನೆನಪಾಗದೆ ಇರದು. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ಕಲ್ಲಿನ ಹಲಗೆಯ ಮೇಲೆ ಬರೆಯುತ್ತಿರುವ ಶಿಲಾಬಾಲಿಕೆ ಇರುವುದು ಅಲ್ಲಿ. ಎರಡೂ ಕಡೆಯ ಶಿಲ್ಪಿಗಳು ಒಂದೇ ಕಲೆಗಾರಿಕೆಯ ನೆರಳಿನಲ್ಲಿ ಬೆಳೆದವರು. ರಾಜಧಾನಿ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಈ ಎಲ್ಲ ಊರುಗಳ ನೆರೆಯಲ್ಲೇ ಇತ್ತು. ಉಮರ್ಗಾದಲ್ಲೂ ಅದೇ ಪರಂಪರೆಯ ಮಹಾದೇವ ಗುಡಿ ಇದೆ. ನಿಲಂಗಾದಿಂದ ಔಸಾ ಕಡೆಗೆ ಹೊರಳಿದರೆ ಖರೋಸಾ ಗುಡ್ಡದಲ್ಲಿ ಇವಕ್ಕಿಂತ ಶತಮಾನಗಳಷ್ಟು ಹಳೆಯ ಗುಹಾಲಯಗಳು. ಪುರಾತತ್ವಜ್ಞ ಜೇಮ್ಸ್ ಬರ್ಜೆಸ್ 1878ರಲ್ಲಿ ಬೀದರ ಮತ್ತು ಔರಂಗಾಬಾದ್ ಜಿಲ್ಲೆಗಳ ಪ್ರಾಚೀನ ಅವಶೇಷಗಳ ಬಗ್ಗೆ ತಂದ ವರದಿಯಲ್ಲಿ ಈ ಗುಹೆಗಳ ವಿವರವಿದೆ.

ಉದಗೀರದ ಕೋಟೆ ಬೇರೆಯದೇ ಜಾತಿಯದು. ಬೆಟ್ಟದ ಮೇಲಿನದಲ್ಲ, ನೆಲಮಟ್ಟದ್ದು. ಎತ್ತರ ಕೊಡಬೇಕಾದ ರಕ್ಷಣೆಯನ್ನು ಇಲ್ಲಿ ಆಳವಾದ ಕಂದಕ ಕೊಡುತ್ತದೆ. ಒಳಗೆ ಅರಮನೆಗಳ, ದರ್ಬಾರುಗಳ ಉಳಿಕೆಗಳು. ಜೊತೆಗೆ ಊರಿಗೆ ಹೆಸರು ಕೊಟ್ಟನೆಂದು ನಂಬಿರುವ ಉದಯಗಿರಿ ಋಷಿಯ ಸಮಾಧಿ, ಅದೂ ನೆಲದಿಂದ ಬಹಳ ಕೆಳಗೆ. 1760ರ ಫೆಬ್ರುವರಿ 3ರಂದು ಮರಾಠಾ ಸೇನಾನಿ ಸದಾಶಿವರಾವ್ ಭಾವು ನಿಜಾಮನ ಪಡೆಯನ್ನು ಮಣಿಸಿದ ಕಾಳಗಕ್ಕೆ ಉದಗೀರದ ಹೆಸರೇ ನಿಂತಿದೆ. ಇಬ್ರಾಹಿಂ ಖಾನ್ ಗಾರ್ದಿಯ ತೋಪುಗಳು ಅಂದು ಮರಾಠರ ಕಡೆ ಇದ್ದವು. ಆ ಗೆಲುವಿನ ಹುಮ್ಮಸ್ಸಿನಲ್ಲೇ ಭಾವುವನ್ನು ಉತ್ತರಕ್ಕೆ ಕಳಿಸಿದರು. ಒಂದು ವರ್ಷ ತುಂಬುವುದರೊಳಗೆ, 1761ರ ಜನವರಿ 14ರಂದು, ಪಾಣಿಪತ್ತಿನಲ್ಲಿ ಅವನ ಕಥೆ ಮುಗಿಯಿತು. ಇಂಥ ಕೋಟೆಗೆ ಸೇರುವ ದಾರಿ ಇವತ್ತಿಗೂ ಅಂಗಡಿ, ಮನೆಗಳಿರುವ ಹಳೆಯ ಊರಿನ ನಡುವೆ ಹಾಯುತ್ತದೆ. ಕೋಟೆ ನೋಡುವುದೂ ಪೇಟೆ ನೋಡುವುದೂ ಬೇರೆಯಾಗದ ಊರಿದು.

ಹಾಗಿದ್ದರೆ ಕಾರ್ಟ್‌ನಂತೆ ನಾವೇ ಓಡಿಸುವ ಸಣ್ಣ ಗಾಡಿ ಬಾಡಿಗೆಗೆ ಸಿಕ್ಕರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಗಾಡಿಯೇನೋ ಇದೆ: ಬಜಾಜ್ ಕಂಪನಿಯ ಕ್ಯೂಟ್ ಎಂಬ ಪುಟ್ಟ ನಾಲ್ಕು ಗಾಲಿಯ ವಾಹನ ತಯಾರಾಗುವುದೇ ಮರಾಠವಾಡದ ಛತ್ರಪತಿ ಸಂಭಾಜಿನಗರದಲ್ಲಿ (ಹಿಂದಿನ ಔರಂಗಾಬಾದ್). ಬೈಕ್ ಬಾಡಿಗೆಗೆ ಕೊಡಲು 1997ರಿಂದ ಕೇಂದ್ರದ ನಿಯಮಾವಳಿಯೂ ಇದೆ. ನನ್ನ ತಕರಾರು ಗಾಡಿಯ ಮೇಲಲ್ಲ, ಅದನ್ನು ಯಾರು ಓಡಿಸುತ್ತಾರೆ ಎಂಬುದರ ಮೇಲೆ. ಟೋಕಿಯೊದಲ್ಲಿ ಓಡಿಸುವವನು ಪರದೇಶಿ. ಅವನ ಗಮನವೆಲ್ಲ ಮುಂದಿನ ಕಾರ್ಟ್‌ನ ಹಿಂಬದಿ ದೀಪದ ಮೇಲೆ. ಆಟೋದಲ್ಲಿ ಓಡಿಸುವವನು ಆ ಊರಿನವನು, ನೋಡುವವನು ಮಾತ್ರ ಹೊರಗಿನವನು. ಗುಡಿಯ ಬೀಗದ ಕೈ ಯಾರ ಮನೆಯಲ್ಲಿರುತ್ತದೆ, ಮಧ್ಯಾಹ್ನ ಯಾವ ಹೊತ್ತಿಗೆ ಬಾಗಿಲು ಹಾಕುತ್ತಾರೆ, ಸಂತೆಯ ದಿನ ಯಾವ ಓಣಿ ಕಟ್ಟಿಹೋಗುತ್ತದೆ ಎಂಬುದು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಮಾತಿನ ತೊಡಕೂ ಹೀಗೆಯೇ ಕಳೆಯುತ್ತದೆ. ಮರಾಠಿ, ದಖ್ಖನಿ, ಕನ್ನಡ ಮೂರೂ ಬೆರೆತ ಸೀಮೆಯಲ್ಲಿ ಒಂದು ಭಾಷೆಯಲ್ಲಿ ಶುರುವಾದ ಮಾತು ಇನ್ನೊಂದರಲ್ಲಿ ಮುಗಿಯುವುದು ಮಾಮೂಲು. ಮರಾಠಿ ಬಾರದ ನಮ್ಮವರು "ಭಾವು" ಎಂದು ಕರೆದು ಮುಂದಿನದನ್ನು ಹಿಂದಿಯಲ್ಲಿ ಹೇಳಿದರೂ ಕೆಲಸ ನಡೆಯುತ್ತದೆ.

ಸುರಕ್ಷತೆಯ ಪ್ರಶ್ನೆಯನ್ನು ಇಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ರಾಷ್ಟ್ರೀಯ ಹೆದ್ದಾರಿ 65ರಲ್ಲಿ ರಾತ್ರಿ ಹಗಲೆನ್ನದೆ ಲಾರಿಗಳು ಹರಿಯುತ್ತವೆ. ಮೂರು ಗಾಲಿಯ ಗಾಡಿ ಅವುಗಳ ಪಕ್ಕ ಓಡುವುದು ನೋಡಿದರೇ ಎದೆ ಝಲ್ಲೆನ್ನುತ್ತದೆ. ಟಂಟಂಗಳಲ್ಲಿ ಮಂದಿಯನ್ನು ಹೇಗೆ ತುರುಕುತ್ತಾರೆ ಎಂಬುದು ಬೀದರ, ಕಲಬುರಗಿ ಓದುಗರಿಗೆ ಹೇಳಿಕೊಡಬೇಕಾದ ವಿಷಯವೇನಲ್ಲ. ಟೋಕಿಯೊದಲ್ಲೂ ಅಪಘಾತಗಳಾಗಿ, ಕಾರ್ಟ್‌ಗಳ ಬಗ್ಗೆ ದೂರುಗಳು ಬಂದೇ ಬಂದವು. ಆದ್ದರಿಂದ ನನ್ನ ವಾದಕ್ಕೆ ಒಂದು ಗಡಿ ಹಾಕಿಕೊಳ್ಳುತ್ತೇನೆ: ಊರಿಂದ ಊರಿಗೆ ಬಸ್ಸು, ಊರೊಳಗೆ ಆಟೋ. ಉಮರ್ಗಾದಿಂದ ನಿಲಂಗಾಕ್ಕೆ, ಅಲ್ಲಿಂದ ಉದಗೀರಕ್ಕೆ ಒಂದೊಂದು ಹಂತ ಸುಮಾರು 40ರಿಂದ 60 ಕಿಲೋಮೀಟರ್. ಅದಕ್ಕೆ ಜನ ಲಾಲ್ ಪರಿ ಎಂದು ಕರೆಯುವ ಮಹಾರಾಷ್ಟ್ರದ ಕೆಂಪು ಎಸ್.ಟಿ. ಬಸ್ಸುಗಳಿವೆ, ಉದಗೀರಕ್ಕೆ ಬೀದರಿನಿಂದ ರೈಲೂ ಇದೆ. ಆಟೋ ಹತ್ತುವುದಾದರೆ ಮೂವರಿಗಿಂತ ಹೆಚ್ಚು ಕೂರಬಾರದು, ಖರೋಸಾದಂಥ ಹೊರಗಿನ ಜಾಗಕ್ಕೆ ಜೀಪೋ ಕಾರೋ ಮಾಡಿಕೊಳ್ಳಬೇಕು. ಸ್ವಂತ ಕಾರಿದ್ದವರಿಗೆ ಈ ಸರ್ಕಸ್ಸೇಕೆ ಎಂಬ ಮಾತೂ ಬರುತ್ತದೆ. ಕಾರು ಊರ ಹೊರಗೆ ನಿಲ್ಲಲಿ, ಒಳಗೆ ಆಟೋದಲ್ಲಿ ಹೋಗಿ ಎನ್ನುತ್ತೇನೆ. ಓಣಿಯಲ್ಲಿ ಸಿಕ್ಕಿಕೊಂಡ ಕಾರಿನ ಯಜಮಾನನಿಗೆ ಶಿಲ್ಪ ಕಾಣುವುದಿಲ್ಲ, ಕನ್ನಡಿ ತರಚುವುದೊಂದೇ ಚಿಂತೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಬಡ ಸೀಮೆಯೊಂದನ್ನು ಸವಾರಿ ಮಾಡಿ ನೋಡುವುದೇ ಸರಿಯೇ? ಉಮರ್ಗಾದ ಉತ್ತರಕ್ಕೆ ಕಿಲ್ಲಾರಿ ಇದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದ ಹೊತ್ತಿನಲ್ಲಿ ಆದ ಭೂಕಂಪ ಅಲ್ಲಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಹತ್ತಿರ ಹತ್ತಿರ 10 ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಕಂಪನದ ಪ್ರಮಾಣ 6ಕ್ಕಿಂತ ತುಸು ಹೆಚ್ಚು. ಇಷ್ಟು ಸಾವಿಗೆ ಅದೊಂದೇ ಕಾರಣವಲ್ಲ. ಮಣ್ಣಿನಲ್ಲಿ ಗುಂಡುಗಲ್ಲು ಕೂರಿಸಿ ಎಬ್ಬಿಸಿದ ದಪ್ಪ ಗೋಡೆ, ಬಿಸಿಲು ತಡೆಯಲೆಂದು ಮಾಳಿಗೆಯ ಮೇಲೆ ಪೇರಿಸಿದ ಮಣ್ಣಿನ ಭಾರ ಮಲಗಿದವರ ಮೇಲೆ ಕುಸಿದವು. ಬದುಕುಳಿದವರಿಗೆ ಹಳೆಯ ಊರಿನಿಂದ ದೂರದಲ್ಲಿ ಅಗಲವಾದ ನೇರ ರಸ್ತೆಗಳ, ಸಾಲುಮನೆಗಳ ಹೊಸ ಊರುಗಳನ್ನು ಕಟ್ಟಿಸಿದರು. ಇಲ್ಲಿಗೆ ವೇಷ ತೊಟ್ಟು ಕಾರ್ಟ್‌ನಲ್ಲಿ ಬರುವುದನ್ನು ಊಹಿಸಿಕೊಂಡರೂ ಮೈ ಮುದುಡುತ್ತದೆ. ಆದರೆ ಹೋಗಲೇಬಾರದೆಂದು ಇದರ ಅರ್ಥವಲ್ಲ. ಯಾವುದನ್ನು ತೋರಿಸಬೇಕು, ಎಲ್ಲಿ ಗಾಡಿ ನಿಲ್ಲಿಸದೆ ಮುಂದೆ ಸಾಗಬೇಕು ಎಂಬ ತೀರ್ಮಾನ ಆ ನೆಲದವನ ಕೈಯಲ್ಲಿದ್ದರೆ ಪ್ರವಾಸಿಯ ಕುತೂಹಲಕ್ಕೆ ತಾನಾಗಿಯೇ ಕಡಿವಾಣ ಬೀಳುತ್ತದೆ. ಓಡಿಸುವವನು ಊರಿನವನಿರಲಿ ಎಂಬ ನನ್ನ ಹಟಕ್ಕೆ ಬೀಗದ ಕೈಗಿಂತ ದೊಡ್ಡ ಕಾರಣ ಇದು.

ಇಷ್ಟಾಗಿ ಆಟೋ ಸವಾರಿಯ ದೋಷಗಳು ದೋಷಗಳೇ. ಬಾಡಿಗೆ ಬಾಯಿಗೆ ಬಂದಷ್ಟು. ಹೊರಗಿನವನ ಮುಖ ನೋಡಿ ಏರುತ್ತದೆ. ಚರಿತ್ರೆ ಕೇಳಿದರೆ ಹೇಳುವ ಕಥೆಯಲ್ಲಿ ಚಾಲುಕ್ಯರೂ ಪಾಂಡವರೂ ಕಲೆತುಹೋಗಿರುವುದುಂಟು. ಇವು ಸರಿಪಡಿಸಲಾಗದ ಕುಂದುಗಳಲ್ಲ. ಹಂಪಿಯಲ್ಲಿ ವಿಜಯ ವಿಠ್ಠಲ ಗುಡಿಯವರೆಗೆ ಬ್ಯಾಟರಿ ಗಾಡಿಗಳನ್ನು ಬಿಟ್ಟು, ಅವುಗಳನ್ನು ಹೆಣ್ಣುಮಕ್ಕಳ ಕೈಗೆ ಕೊಟ್ಟು, ದರ ಗೊತ್ತು ಮಾಡಿದಾಗ ಅದು ಯಾರಿಗೂ ಕಷ್ಟವಾಗಲಿಲ್ಲ. ನಿಲಂಗಾ, ಉದಗೀರದ ಪುರಸಭೆಗಳು ಬಸ್ ಸ್ಟ್ಯಾಂಡಿನಲ್ಲಿ ಒಂದು ದರಪಟ್ಟಿ ತೂಗುಹಾಕಿ, ಮನಸ್ಸಿರುವ ಚಾಲಕರಿಗೆ ಗುಡಿ-ಕೋಟೆಗಳ ಬಗ್ಗೆ ನಾಲ್ಕು ದಿನ ತರಬೇತಿ ಕೊಡಿಸಿದರೆ ಸಾಕು. 2022ರ ಏಪ್ರಿಲ್‌ನಲ್ಲಿ 95ನೇ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನಡೆಸಿದ ಉದಗೀರಕ್ಕೆ ಇದು ದೊಡ್ಡ ಕೆಲಸವೇನಲ್ಲ.

ಅದಾಗುವವರೆಗೆ ಹೋಗುವವರು ಚಳಿಗಾಲದಲ್ಲಿ ಹೋಗಿ. ಬೇಸಿಗೆಯಲ್ಲಿ ತೆರೆದ ಗಾಡಿಯ ಸುಖವೆಲ್ಲ ಬಿಸಿಗಾಳಿಯ ಪಾಲಾಗುತ್ತದೆ. ಬೀದರ ಕಡೆಯವರು ಉದಗೀರದಿಂದ, ಕಲಬುರಗಿ ಕಡೆಯವರು ಉಮರ್ಗಾದಿಂದ ಶುರು ಮಾಡುವುದು ಅನುಕೂಲ. ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿ, ಕಾಯುವ ಹೊತ್ತಿಗೂ ಸೇರಿಸಿ ಗೊತ್ತು ಮಾಡಿಕೊಳ್ಳಿ.