ಮೇಲ್ಸೇತುವೆಯ ಕೆಳಗಿನ ಮದ್ದೂರು

ಬೆಂಗಳೂರು–ಮೈಸೂರು ರೈಲು ಮದ್ದೂರು ತಲುಪುತ್ತಿದ್ದಂತೆ ಬೋಗಿಯೊಳಕ್ಕೆ ಮೊದಲು ಬರುವುದು ಕೂಗು, ಹಿಂದೆಯೇ ಕರಿದ ಈರುಳ್ಳಿಯ ಘಮ, ಆಮೇಲೆ ಬುಟ್ಟಿ ಹೊತ್ತ ಮನುಷ್ಯ. ‘ವಡೆ, ವಡೆ, ಮದ್ದೂರ್ ವಡೆ!’ ಸೂಟ್‌ಕೇಸು, ಅಕ್ಕಿಚೀಲ, ಮಡಿಲಮಕ್ಕಳ ನಡುವೆ ಕಾಲಿಡಲು ಜಾಗವಿಲ್ಲದಿದ್ದರೂ ಆ ಬುಟ್ಟಿಗೆ ಹೇಗೋ ದಾರಿ ಸಿಗುತ್ತದೆ.

ಹುಟ್ಟಿನಿಂದಲೇ ಇದು ಪಯಣದ ತಿಂಡಿ. 1917ರಲ್ಲಿ ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯರಿಗೆ ಒಂದು ದಿನ ರೈಲು ಹೊತ್ತಿಗೆ ಮುಂಚೆಯೇ ಬಂದು ಕೈಕೊಟ್ಟಿತಂತೆ. ಇದ್ದ ಹಿಟ್ಟನ್ನೇ ಚಪ್ಪಟೆ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಕಥೆಗೆ ಎಷ್ಟು ಒಗ್ಗರಣೆ ಬಿದ್ದಿದೆಯೋ! ಆದರೆ ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ, ಕರಿಬೇವಿನ ಈ ವಡೆಗೆ ಸಾಂಬಾರಿನ ಹಂಗಿಲ್ಲ, ತಟ್ಟೆ ಬೇಕಿಲ್ಲ. ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರೆ ಮೈಸೂರಿನ ಮನೆ ತಲುಪಿದ ಮೇಲೂ ತಿನ್ನಬಹುದು.

ಮದ್ದೂರಿನಿಂದ ಹೊರಡುವ ಇನ್ನೊಂದು ಹೊರೆ ಎಳನೀರು. ಎಪಿಎಂಸಿ ಅಂಗಳದಲ್ಲಿ ಲಾರಿಗಳಿಗೆ ತುಂಬಿದ ಹಸಿರು ರಾಶಿ ಮುಂಬೈ, ದೆಹಲಿಯವರೆಗೂ ಹೋಗುತ್ತದೆ. ಕುಡಿಯಲು ಸಿಗುವುದು ಒಂದೆರಡು ಲೋಟ ನೀರು. ಅದಕ್ಕಾಗಿ ಸಿಪ್ಪೆಯ ಭಾರವೆಲ್ಲ ಸಾವಿರಾರು ಕಿಲೋಮೀಟರ್ ಸಾಗಬೇಕು.

ಹಳೆಯ ಹೆದ್ದಾರಿ ಊರ ನಡುವೆಯೇ ಹಾದಿತ್ತು. ಕಾರುಗಳು ನಿಲ್ಲುತ್ತಿದ್ದವು, ಕಾಫಿ ಕುಡಿಯುತ್ತಿದ್ದವರು ವಡೆಯ ಪೊಟ್ಟಣವನ್ನೂ ಕಟ್ಟಿಸಿಕೊಳ್ಳುತ್ತಿದ್ದರು. 2023ರ ಮಾರ್ಚ್ 12ರಂದು ಪ್ರಧಾನಿ ಇದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ 118 ಕಿ.ಮೀ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟಿಸಿದರು. ಬಿಡದಿ, ಮಂಡ್ಯಗಳಿಗೆ ಬೈಪಾಸ್ ಸಿಕ್ಕಿತು. ಮದ್ದೂರಿಗೆ ಸಿಕ್ಕಿದ್ದು ತಲೆಯ ಮೇಲೊಂದು ಸೇತುವೆ. ಮೇಲೆ ಹೋಗುವವರಿಗೆ ಊರೆಂದರೆ ಒಂದು ಹಸಿರು ಫಲಕ, ಅಷ್ಟೆ.

ಅಪಘಾತಗಳು ಹೆಚ್ಚಿದ ಬಳಿಕ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಎಕ್ಸ್‌ಪ್ರೆಸ್‌ವೇ ಪ್ರವೇಶ ನಿಷೇಧಿಸಲಾಯಿತು. ನಿಷೇಧಕ್ಕೆ ಕಾರಣವಿದೆ. ಆದರೆ ಈ ಸೀಮೆಯ ಹೊರೆ ಹೊರುವ ವಾಹನಗಳೇ ಅವು: ಕಾರ್ಖಾನೆಗೆ ಕಬ್ಬು ಟ್ರ್ಯಾಕ್ಟರ್‌ನಲ್ಲಿ, ಡೇರಿಗೆ ಹಾಲಿನ ಕ್ಯಾನು ಬೈಕಿನಲ್ಲಿ. ಅವಕ್ಕೆಲ್ಲ ಉಳಿದದ್ದು ಪಕ್ಕದ ಸರ್ವಿಸ್ ರಸ್ತೆ.

ಬಸ್‌ನಿಲ್ದಾಣದಲ್ಲಿ ಲೆಕ್ಕ ಬೇರೆ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ಹೆಂಗಸರಿಗೆ ಟಿಕೆಟ್ ಶುಲ್ಕವಿಲ್ಲ. ಮಿತಿ ಮೀರಿದ ಮೂಟೆಗಿದೆ. ‘ನಾನು ಫ್ರೀ, ನನ್ ಸೊಪ್ಪಿಗ್ಯಾಕಣ್ಣ ದುಡ್ಡು?’ ಎಂಬ ಬಗೆಯ ಜಗಳಕ್ಕೆ ಕಂಡಕ್ಟರ್ ಬಳಿ ಉತ್ತರವಿರುವುದಿಲ್ಲ, ಲಗೇಜ್ ಚೀಟಿ ಇರುತ್ತದೆ.

ರೈಲಿಗೆ ಮಾತ್ರ ಮೇಲ್ಸೇತುವೆಯಿಲ್ಲ. ಅದು ಊರೊಳಗೇ ಬಂದು ಒಂದೆರಡು ನಿಮಿಷ ನಿಲ್ಲುತ್ತದೆ. ವಡೆಯವರು ಹತ್ತಿ, ಮಾರುತ್ತಾ ಹೋಗಿ, ಮಂಡ್ಯದಲ್ಲಿ ಖಾಲಿ ಬುಟ್ಟಿಯೊಂದಿಗೆ ಇಳಿದು, ವಾಪಸು ರೈಲಿಗೆ ಕಾಯುತ್ತಾರೆ.